ವಿಡಿಯೊ ಕಾಲ್ ಒಡೆಯುತ್ತಿದ್ದರೆ: ಲೈನ್ ದೊಡ್ಡದು ಮಾಡಿಸುವ ಮೊದಲು ಪ್ಯಾಕೆಟ್ ಎಲ್ಲಿ ಬೀಳುತ್ತಿದೆ ಎಂದು ಹುಡುಕಿ

ಮುಖ್ಯ ಕಚೇರಿಗೂ ಶಾಖೆಗೂ ನಡುವಿನ ವಿಡಿಯೊ ಕಾಲ್ ಸರಿಯಾಗಿ ಬರುತ್ತಿಲ್ಲ ಎಂದು ದೂರು ಬಂದರೆ ಮೊದಲು ಏಳುವ ಮಾತು ‘ಲೈನ್ ಸಾಲ್ತಿಲ್ಲ’. ಮರುತಿಂಗಳು ಲೈನ್ ಎರಡು ಪಟ್ಟಾಗುತ್ತದೆ, ದೂರು ಮಾತ್ರ ಇದ್ದಲ್ಲೇ ಇರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ನಾನು ನೋಡಿಕೊಳ್ಳುತ್ತಿದ್ದ ಒಂದು ಜಾಲದಲ್ಲೂ ಹೀಗೇ ಆಗಿತ್ತು, ಅದನ್ನು ಮುಂದೆ ವಿವರವಾಗಿ ಹೇಳುತ್ತೇನೆ. ಇಲ್ಲಿ ಹಿಡಿದಿರುವ ದಾರಿ ಬೇರೆ. ಧ್ವನಿಯೂ ಚಿತ್ರವೂ ಜಾಲದಲ್ಲಿ ಪ್ಯಾಕೆಟ್ ಎಂಬ ಸಣ್ಣ ತುಂಡುಗಳಾಗಿ ಹೋಗುತ್ತವೆ. ಆ ಪ್ಯಾಕೆಟ್ ಯಾವ ದಿಕ್ಕಿನಲ್ಲಿ, ಯಾವ ಉಪಕರಣದಲ್ಲಿ, ಯಾವ ಹೊತ್ತಿನಲ್ಲಿ ಬೀಳುತ್ತಿದೆ, ಅಂದರೆ ಕಳೆದುಹೋಗುತ್ತಿದೆ ಎಂದು ಗೊತ್ತಾಗುವವರೆಗೆ ಒಂದು ಸೆಟ್ಟಿಂಗನ್ನೂ ಮುಟ್ಟಬೇಡಿ. ಮುಟ್ಟಿದರೆ ಇರುವ ದೋಷದ ಮೇಲೆ ಇನ್ನೊಂದು ದೋಷ ಕೂರುತ್ತದೆ, ಆಮೇಲೆ ಎರಡನ್ನೂ ಬಿಡಿಸುವುದು ಕಷ್ಟ.

ದೂರನ್ನು ಬಿಡಿಸಿ ಕೇಳಿ

‘ಕಾಲ್ ಸರಿ ಇಲ್ಲ’ ಎಂಬ ಒಂದೇ ಮಾತಿನಲ್ಲಿ ನಾಲ್ಕಾರು ಬೇರೆ ಬೇರೆ ಕಾಯಿಲೆಗಳು ಅಡಗಿರುತ್ತವೆ. ಶಾಖೆಯಿಂದ ಫೋನ್ ಬಂದಾಗ ಮಾತು ಸಾಮಾನ್ಯವಾಗಿ ಹೀಗೆ ನಡೆಯುತ್ತದೆ:

“ಸಾರ್, ಈಗ ಹೋಯ್ತು ನೋಡಿ, ಎಲ್ಲಾ ನಿಂತ್ಹೋಗಿದೆ.”

“ಯಾರ ಮುಖ ನಿಂತಿದೆ? ನಿಮ್ಮ ಟಿವಿಯಲ್ಲಿ ಮುಖ್ಯ ಕಚೇರಿಯವರದೋ, ಅವರ ಟಿವಿಯಲ್ಲಿ ನಿಮ್ಮದೋ?”

“ನಮಗೆ ಅವರು ಚೆನ್ನಾಗೇ ಕಾಣ್ತಿದಾರೆ ಸಾರ್. ನಾವೇ ಅವರಿಗೆ ಕಾಣ್ತಿಲ್ವಂತೆ.”

ಇಷ್ಟು ಗೊತ್ತಾದರೆ ಹುಡುಕುವ ಜಾಗ ಅರ್ಧಕ್ಕಿಳಿಯಿತು. ಕೆಡುತ್ತಿರುವುದು ಶಾಖೆಯಿಂದ ಹೊರಡುವ ದಿಕ್ಕು. ವಿಡಿಯೊ ಕಾಲ್ ನೋಡುವವರಿಗೆ ಒಂದೇ ಆದರೂ ಜಾಲದ ಮಟ್ಟಿಗೆ ಹೋಗುವ ಧ್ವನಿ, ಹೋಗುವ ಚಿತ್ರ, ಬರುವ ಧ್ವನಿ, ಬರುವ ಚಿತ್ರ ಎಂದು ನಾಲ್ಕು ಬೇರೆ ಹರಿವುಗಳು. ಒಂದು ಕೆಟ್ಟಾಗ ಉಳಿದ ಮೂರು ಚೆನ್ನಾಗಿರಬಹುದು. ಶಾಖೆಯವರು ಸ್ಪೀಡ್ ಟೆಸ್ಟ್ ಮಾಡಿ ಡೌನ್‌ಲೋಡ್ ಸಂಖ್ಯೆಯ ಚಿತ್ರ ಕಳಿಸುತ್ತಾರೆ. ಇಲ್ಲಿ ಬೇಕಾದದ್ದು ಅಪ್‌ಲೋಡ್. ಬ್ರಾಡ್‌ಬ್ಯಾಂಡ್ ಲೈನ್‌ಗಳಲ್ಲಿ ಅವೆರಡರ ನಡುವೆ ಹತ್ತು ಪಟ್ಟು ಅಂತರ ಇರುವುದೂ ಉಂಟು.

ಎರಡನೇ ಪ್ರಶ್ನೆ: ಒಡೆಯುತ್ತಿರುವುದು ಧ್ವನಿಯೋ, ಚಿತ್ರವೋ, ಎರಡೂನೋ? ಎರಡೂ ಒಟ್ಟಿಗೆ ಕೆಟ್ಟರೆ ದಾರಿಯಲ್ಲಿ ಎಲ್ಲೋ ದಟ್ಟಣೆ ಇದೆ ಎಂದು ಹುಡುಕಾಟ ಶುರು ಮಾಡಿ. ಧ್ವನಿ ಚೊಕ್ಕಟವಾಗಿದ್ದು ಚಿತ್ರ ಮಾತ್ರ ಚೌಕ ಚೌಕವಾಗಿ ಒಡೆಯುತ್ತಿದ್ದರೆ ದೊಡ್ಡ ಪ್ಯಾಕೆಟ್‌ಗಳು ಮಾತ್ರ ಬೀಳುತ್ತಿರಬಹುದು, ಇಲ್ಲವೇ ರೌಟರ್‌ನಲ್ಲಿ ಚಿತ್ರಕ್ಕೆ ಮೀಸಲಿಟ್ಟ ಸಾಲು (ಪ್ಯಾಕೆಟ್‌ಗಳು ಸರದಿಗೆ ಕಾಯುವ ಜಾಗ) ಚಿಕ್ಕದಾಗಿರಬಹುದು. ಯಾವುದೂ ಒಡೆಯದೆ ಮಾತು ಮಾತ್ರ ತಡವಾಗಿ ಬಂದು ಇಬ್ಬರೂ ಒಟ್ಟಿಗೆ ಮಾತಾಡುವಂತಾದರೆ ಪ್ಯಾಕೆಟ್‌ಗಳು ಬೀಳುತ್ತಿಲ್ಲ, ಯಾವುದೋ ಉದ್ದನೆಯ ಸಾಲಿನಲ್ಲಿ ಕಾಯುತ್ತಿವೆ. ಕಾಲ್ ಶುರುವಾದಾಗಿನಿಂದ ಒಂದು ಕಡೆ ಏನೂ ಕೇಳದಿದ್ದರೆ ಅದು ಬ್ಯಾಂಡ್‌ವಿಡ್ತ್ ವಿಷಯವೇ ಅಲ್ಲ. ಫೈರ್‌ವಾಲ್ ಪೋರ್ಟ್‌ಗಳನ್ನೂ ರೌಟರ್‌ನಲ್ಲಿ ಕಾಲ್‌ನ ವಿಳಾಸಗಳನ್ನು ತಿದ್ದುವ ಸಿಪ್ ಎಎಲ್‌ಜಿ ಎಂಬ ಆಯ್ಕೆಯನ್ನೂ ನೋಡಿ, ಈ ಬರಹವನ್ನು ಇಲ್ಲಿಗೇ ಬಿಡಬಹುದು.

ಮೂರನೆಯದು ಹೊತ್ತು. ದಿನವೂ ಒಂದೇ ಸಮಯಕ್ಕೆ ಕೆಡುವ ಕಾಲ್ ಒಳ್ಳೆಯ ಸುದ್ದಿ, ಏಕೆಂದರೆ ಆ ಹೊತ್ತಿಗೆ ಜಾಲದಲ್ಲಿ ಇನ್ನೇನು ಎದ್ದು ಕೂರುತ್ತದೆ ಎಂದು ಹುಡುಕಿದರೆ ಸಾಕು.

ಕಾಗದದ ಮೇಲೆ ಲೆಕ್ಕ

ಜಿ.711 ಎಂಬ ಸಾಮಾನ್ಯ ವಿಧಾನದಲ್ಲಿ ಕಳಿಸುವ ಧ್ವನಿ ಎಂದರೆ 64 ಕೆಬಿಪಿಎಸ್ (ಸೆಕೆಂಡಿಗೆ 64 ಸಾವಿರ ಬಿಟ್) ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅದು 20 ಮಿಲಿಸೆಕೆಂಡಿಗೊಂದರಂತೆ ಸೆಕೆಂಡಿಗೆ 50 ಪ್ಯಾಕೆಟ್ ಆಗಿ ಹೋಗುತ್ತದೆ. ಒಂದೊಂದರಲ್ಲಿ 160 ಬೈಟ್ ಧ್ವನಿ, ಅದರ ಮೇಲೆ ವಿಳಾಸ, ಪೋರ್ಟ್, ಕ್ರಮಸಂಖ್ಯೆ ಹೊತ್ತ ಐಪಿ, ಯುಡಿಪಿ, ಆರ್‌ಟಿಪಿ ಹೆಡರ್‌ಗಳು ಸೇರಿ 40 ಬೈಟ್. ಅಲ್ಲಿಗೆ 80 ಕೆಬಿಪಿಎಸ್ ಆಯಿತು. ಐಪಿಸೆಕ್ ವಿಪಿಎನ್, ಅಂದರೆ ಗೂಢಲಿಪಿಯ ಸುರಂಗದ ಒಳಗೆ ಹಾದರೆ 100 ದಾಟುತ್ತದೆ. ಚಿತ್ರಕ್ಕೂ ಹಾಗೇ. ಮೀಟಿಂಗ್ ಕೋಣೆಯ ವಿಡಿಯೊ ಯುನಿಟ್‌ನಲ್ಲಿ ಕಾಲ್ ರೇಟ್ 1024 ಕೆಬಿಪಿಎಸ್ ಎಂದು ಇಟ್ಟರೆ ಅದು ಚಿತ್ರ ಮತ್ತು ಧ್ವನಿಯ ಮೊತ್ತ ಮಾತ್ರ, ಹೆಡರ್ ಅದರಲ್ಲಿಲ್ಲ. ಶೇಕಡಾ 20 ಸೇರಿಸಿ ಎಂಬುದು ಹಳೆಯ ವಾಡಿಕೆ, ಇವತ್ತಿಗೂ ಸರಿಹೋಗುತ್ತದೆ. ಅಲ್ಲಿಗೆ ಒಂದು ಕಾಲ್‌ಗೆ ಒಂದೊಂದು ದಿಕ್ಕಿನಲ್ಲೂ ಸುಮಾರು 1.23 ಎಂಬಿಪಿಎಸ್.

ನಾಲ್ಕು ಶಾಖೆಗಳು ಒಟ್ಟಿಗೆ ಸೇರುವ ಮೀಟಿಂಗ್‌ಗೆ ಎಲ್ಲರ ಕಾಲ್‌ಗಳನ್ನು ಕೂಡಿಸುವ ಬ್ರಿಡ್ಜ್ ಮುಖ್ಯ ಕಚೇರಿಯಲ್ಲಿದ್ದರೆ ಅಲ್ಲಿಯ ಲೈನ್ ಮೇಲೆ ಹೋಗಲೂ ಬರಲೂ ತಲಾ 4.9 ಎಂಬಿಪಿಎಸ್ ಬೀಳುತ್ತದೆ. ಶಾಖೆಯ ಲೆಕ್ಕ ಸರಿಯಾಗಿ ಮಾಡಿ ಮುಖ್ಯ ಕಚೇರಿಯದನ್ನು ಮರೆಯುವುದು ತುಂಬಾ ಕಡೆ ಕಂಡಿದ್ದೇನೆ.

ಕಾಲ್ ಕೆಟ್ಟಿರುವಾಗಲೇ ಅಳೆಯಿರಿ

ಐದು ನಿಮಿಷದ ಸರಾಸರಿ ಗ್ರಾಫ್ ನೋಡಿ ‘ಲೈನ್ ಬಳಕೆ ಶೇಕಡಾ 40, ದಟ್ಟಣೆ ಇಲ್ಲ’ ಎಂದು ತೀರ್ಮಾನಿಸಬೇಡಿ. ಹತ್ತು ಸೆಕೆಂಡ್ ಲೈನ್ ಪೂರ್ತಿ ತುಂಬಿದರೂ 300 ಸೆಕೆಂಡಿನ ಸರಾಸರಿಯಲ್ಲಿ ಅದು ಶೇಕಡಾ 3ರಷ್ಟೇ ಏರಿಕೆಯಾಗಿ ಕಾಣುತ್ತದೆ. ಆ ಹತ್ತು ಸೆಕೆಂಡ್ ಮಾತಾಡುತ್ತಿದ್ದವರಿಗೆ ಕಾಲ್ ಹೋಗಿಯೇ ಹೋಗಿರುತ್ತದೆ.

ಮೊದಲು ಯುನಿಟ್‌ನ ಅಥವಾ ಆ್ಯಪ್‌ನ ಕಾಲ್ ಸ್ಟ್ಯಾಟಿಸ್ಟಿಕ್ಸ್ ಪುಟ ತೆರೆಯಿರಿ. ಎರಡೂ ತುದಿಯಲ್ಲಿ ತೆರೆಯಿರಿ, ಏಕೆಂದರೆ ಪ್ಯಾಕೆಟ್ ಲಾಸ್ ಗೊತ್ತಾಗುವುದು ಪಡೆಯುವವರಿಗೆ. ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ ಇಷ್ಟು: ಲಾಸ್ ಶೇಕಡಾ 1ರ ಒಳಗೆ, ಜಿಟ್ಟರ್ (ಪ್ಯಾಕೆಟ್‌ಗಳು ಬರುವ ಅಂತರದ ಏರುಪೇರು) 30 ಮಿಲಿಸೆಕೆಂಡ್ ಒಳಗೆ, ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಒಳಗೆ. ಈ ಕೊನೆಯ ಸಂಖ್ಯೆ ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆಯಾದ ಐಟಿಯುನ ಜಿ.114 ಶಿಫಾರಸಿನದು.

ಶೇಕಡಾ 1 ಎಂದರೆ ಏನೂ ಅಲ್ಲ ಅನ್ನಿಸುತ್ತದೆ. 1 ಎಂಬಿಪಿಎಸ್ ಚಿತ್ರವನ್ನು 1200 ಬೈಟ್ ಪ್ಯಾಕೆಟ್‌ಗಳಾಗಿ ಕತ್ತರಿಸಿದರೆ ಸೆಕೆಂಡಿಗೆ ಸುಮಾರು 104 ಪ್ಯಾಕೆಟ್ ಆಗುತ್ತದೆ. ಅದರಲ್ಲಿ ಶೇಕಡಾ 1 ಎಂದರೆ ಸೆಕೆಂಡಿಗೊಂದು ಪ್ಯಾಕೆಟ್ ಕಾಣೆ. ಪ್ರತಿ ಫ್ರೇಮ್ ಹಿಂದಿನ ಫ್ರೇಮ್‌ನಿಂದ ಬದಲಾದದ್ದನ್ನಷ್ಟೇ ಹೇಳುತ್ತದೆ, ಹಾಗಾಗಿ ಒಂದು ತುಂಡು ಕಳೆದರೆ ಆ ಕಲೆ ಮುಂದಿನ ಫ್ರೇಮ್‌ಗಳಿಗೂ ಅಂಟಿಕೊಂಡು ಹೋಗುತ್ತದೆ. ಪಡೆಯುವ ಯುನಿಟ್ ‘ಪೂರ್ತಿ ಚಿತ್ರ ಮತ್ತೆ ಕಳಿಸು’ ಎಂದು ಕೇಳುತ್ತದೆ. ಪೂರ್ತಿ ಚಿತ್ರದ ಆ ಕೀ-ಫ್ರೇಮ್ ಮಾಮೂಲಿ ಫ್ರೇಮ್‌ಗಿಂತ ಹಲವು ಪಟ್ಟು ದೊಡ್ಡದು, ಮೊದಲೇ ತುಂಬಿದ ಲೈನ್ ಮೇಲೆ ಒಂದೇ ಉಸಿರಿಗೆ ಬಂದು ಬೀಳುತ್ತದೆ, ಅದರಲ್ಲೂ ಒಂದು ತುಂಡು ಕಳೆಯುತ್ತದೆ, ಮತ್ತೆ ಕೋರಿಕೆ. ಚಿತ್ರ ಎರಡು ಮೂರು ಸೆಕೆಂಡಿಗೊಮ್ಮೆ ತಿಳಿಯಾಗಿ ಮತ್ತೆ ಕದಡುವುದು ಈ ಸುಳಿಯ ಗುರುತು. ಕೀ-ಫ್ರೇಮ್ ಕೋರಿಕೆಗಳ ಎಣಿಕೆ ಅಂಕಿಅಂಶ ಪುಟದಲ್ಲಿದ್ದರೆ ಅದನ್ನು ಬರೆದಿಟ್ಟುಕೊಳ್ಳಿ.

ಆಮೇಲೆ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ತಂತ್ರಾಂಶ ವೈರ್‌ಶಾರ್ಕ್. ಪಡೆಯುವ ಕಡೆಯ ಸ್ವಿಚ್‌ನಲ್ಲಿ ಪೋರ್ಟ್ ಮಿರರ್ (ಒಂದು ಪೋರ್ಟ್‌ನ ಸಂಚಾರದ ನಕಲು) ಹಾಕಿ ಹಿಡಿಯಿರಿ, ಆರ್‌ಟಿಪಿ ಸ್ಟ್ರೀಮ್ ವಿಶ್ಲೇಷಣೆ ತೆರೆಯಿರಿ. ಪ್ರತಿ ಪ್ಯಾಕೆಟ್‌ಗೂ ಕ್ರಮಸಂಖ್ಯೆ ಇರುವುದರಿಂದ ಯಾವುದು ಬರಲಿಲ್ಲ ಎಂಬುದರಲ್ಲಿ ಊಹೆಗೆ ಜಾಗವಿಲ್ಲ. ಅದೇ ಹೊತ್ತಿಗೆ ಕಳಿಸುವ ಕಡೆಯೂ, ರೌಟರ್‌ಗಿಂತ ಮೊದಲು, ವೈರ್‌ಶಾರ್ಕ್‌ನ ಇನ್ನೊಂದು ದಾಖಲೆ ಇರಲಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಕಚೇರಿಯ ಒಳಗೇ ಬಿದ್ದದ್ದು ಯಾವುದು, ಹೊರಗೆ ಬಿದ್ದದ್ದು ಯಾವುದು ಎಂದು ಬೇರೆಯಾಗುತ್ತದೆ. ಕಾಲ್ ಇಲ್ಲದ ಹೊತ್ತಿನಲ್ಲಿ ಪರೀಕ್ಷಿಸಬೇಕಾದರೆ ಪರೀಕ್ಷೆಯ ಪ್ಯಾಕೆಟ್‌ಗಳನ್ನು ಕಳಿಸುವ ಐಪರ್ಫ್ ಅನ್ನು ಯುಡಿಪಿಯಲ್ಲಿ, 1 ಎಂಬಿಪಿಎಸ್ ದರದಲ್ಲಿ, ಎರಡೂ ದಿಕ್ಕಿಗೆ ಓಡಿಸಿ. ಆದ್ಯತೆಯ ಗುರುತು ಹಚ್ಚಿ ಕಳಿಸುವಾಗ ಒಂದು ಎಚ್ಚರ: ಧ್ವನಿಯ ಡಿಎಸ್‌ಸಿಪಿ (ಹೆಡರ್‌ನಲ್ಲಿ ಆದ್ಯತೆ ಹೇಳುವ ಸಂಖ್ಯೆ) 46 ಆದರೂ ಐಪರ್ಫ್‌ನ ಟಿಒಎಸ್ ಆಯ್ಕೆಗೆ ಕೊಡಬೇಕಾದದ್ದು ಅದರ ನಾಲ್ಕರಷ್ಟು, 184. ವಿಡಿಯೊದ 34ಕ್ಕೆ 136. ಇದನ್ನು ತಪ್ಪಿದರೆ ಪರೀಕ್ಷೆಯ ಪ್ಯಾಕೆಟ್‌ಗಳು ಬೇರಾವುದೋ ಸಾಲಿಗೆ ಹೋಗಿ ಸುಳ್ಳು ಫಲಿತಾಂಶ ಕೊಡುತ್ತವೆ.

ಆದ್ಯತೆ ಇದ್ದೂ ಇಲ್ಲದಂತೆ

ಮೊದಲು ಹೇಳಿದ ಜಾಲದ ಕತೆ ಇದು. ಶಾಖೆಯ ಲೀಸ್ಡ್ ಲೈನ್ 10 ಎಂಬಿಪಿಎಸ್. ಧ್ವನಿಗೆ 46, ವಿಡಿಯೊಗೆ 34 ಎಂದು ಗುರುತು, ರೌಟರ್‌ನಲ್ಲಿ ಆದ್ಯತಾ ಸಾಲು, ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿತ್ತು. ಆದರೂ ದಿನವೂ ಬೆಳಿಗ್ಗೆ 11ರ ಮೀಟಿಂಗ್‌ನಲ್ಲಿ ಶಾಖೆಯವರ ಮುಖವೂ ಮಾತೂ ಒಡೆಯುತ್ತಿದ್ದವು. ಲೈನ್ 20 ಆಯಿತು. ಒಂದು ವಾರ ಎಲ್ಲರೂ ‘ಸ್ವಲ್ಪ ಪರವಾಗಿಲ್ಲ’ ಎಂದರು, ಎರಡನೇ ವಾರ ಅದೇ ಫೋನ್.

11 ಗಂಟೆಗೆ ಶಾಖೆಯ ಫೈಲ್ ಸರ್ವರ್ ಅಂದಿನ ಕಡತಗಳನ್ನು ಮುಖ್ಯ ಕಚೇರಿಗೆ ಸಿಂಕ್ ಮಾಡುತ್ತಿತ್ತು. ಅದು ಬೇಗನೆ ಗೊತ್ತಾಯಿತು. ಗೊತ್ತಾಗದೆ ಉಳಿದದ್ದು, ಆದ್ಯತೆ ಇದ್ದರೂ ಕಡತಗಳು ಕಾಲ್ ಅನ್ನು ಹೇಗೆ ಕೆಡಿಸುತ್ತಿವೆ ಎಂಬುದು. ಮೀಟಿಂಗ್ ನಡೆಯುತ್ತಿರುವಾಗಲೇ ರೌಟರ್‌ನ ಸಾಲುಗಳ ಎಣಿಕೆ ತೆರೆದು ಕೂತೆ. ಧ್ವನಿಯ ಸಾಲಿನಲ್ಲಿ ಡ್ರಾಪ್, ಅಂದರೆ ಬಿದ್ದ ಪ್ಯಾಕೆಟ್, 0. ವಿಡಿಯೊದಲ್ಲಿ 0. ಉಳಿದ ಎಲ್ಲದಕ್ಕೂ ಇರುವ ಸಾಮಾನ್ಯ ಸಾಲಿನಲ್ಲೂ 0. ಇತ್ತ ಮುಖ್ಯ ಕಚೇರಿಯ ವೈರ್‌ಶಾರ್ಕ್‌ನಲ್ಲಿ ಪ್ರತಿ ನೂರಕ್ಕೆ ಮೂರು ನಾಲ್ಕು ಪ್ಯಾಕೆಟ್ ಇಲ್ಲ.

ಮೂರನೇ ಸೊನ್ನೆಯೇ ಸುಳಿವು. ಲೈನ್ ತುಂಬಿ ತುಳುಕುವಾಗ ಸಾಮಾನ್ಯ ಸಾಲಿನಲ್ಲಾದರೂ ಡ್ರಾಪ್ ಕಾಣಲೇಬೇಕು. ಕಾಣುತ್ತಿಲ್ಲವೆಂದರೆ ಲೈನ್ ತುಂಬಿದೆ ಎಂಬುದೇ ರೌಟರ್‌ಗೆ ಗೊತ್ತಿಲ್ಲ. ಅದರ ಪೋರ್ಟ್ 100 ಎಂಬಿಪಿಎಸ್. 20 ಎಂಬಿಪಿಎಸ್ ಸಿಂಕ್ ಅದಕ್ಕೆ ಅರೆಹೊಟ್ಟೆ, ಹಾಗಾಗಿ ಸಾಲು ನಿಲ್ಲುವ ಸಂದರ್ಭವೇ ಬರದು, ಸಾಲು ನಿಲ್ಲದಿದ್ದಾಗ ಆದ್ಯತೆಗೆ ಕೆಲಸವೂ ಇಲ್ಲ. ಎಲ್ಲವೂ ಒಟ್ಟಿಗೆ ಸೇವಾದಾರರ ತುದಿಗೆ ಹೋಗುತ್ತದೆ. ಅಲ್ಲಿರುವ ಪೊಲೀಸರ್ ಒಪ್ಪಂದದ ದರ ಮೀರಿದ್ದನ್ನು ಕತ್ತರಿಸುತ್ತದೆ. ಅದಕ್ಕೆ ಮುಖವೂ ಒಂದೇ, ಕಡತವೂ ಒಂದೇ. ಸೇವಾದಾರರು ‘ನಮ್ಮ ಕಡೆ ಏನೂ ದೋಷವಿಲ್ಲ’ ಎಂದದ್ದು ನಿಜವೇ ಆಗಿತ್ತು. ಕಡತ ನಕಲು ಟಿಸಿಪಿಯಲ್ಲಿ (ಪ್ಯಾಕೆಟ್ ಬೀಳುವವರೆಗೆ ವೇಗ ಏರಿಸುತ್ತಾ ಹೋಗುವ ವಿಧಾನ) ಹೋಗುವುದರಿಂದ ಎಷ್ಟು ಕೊಟ್ಟರೂ ಅಷ್ಟನ್ನೂ ತುಂಬುತ್ತದೆ, ಹಾಗಾಗಿ 10 ಇದ್ದದ್ದನ್ನು 20 ಮಾಡಿದರೂ ಫಲ ಸಿಗಲಿಲ್ಲ.

ಪರಿಹಾರ ಎರಡೇ ಆದೇಶದ ಕಾನ್ಫಿಗರೇಶನ್. ಹೊರಗಿನ ಪೋರ್ಟ್ ಮೇಲೆ ಹರಿವನ್ನು 19 ಎಂಬಿಪಿಎಸ್‌ಗೆ ತಡೆದು ಬಿಡುವ ಶೇಪರ್, ಮೊದಲೇ ಇದ್ದ ಆದ್ಯತಾ ಸಾಲುಗಳು ಅದರ ಒಳಗೆ. ದರವನ್ನು ಲೈನ್‌ನ ಶೇಕಡಾ 95ರ ಆಸುಪಾಸು ಇಟ್ಟರೆ ದಟ್ಟಣೆ ನಮ್ಮ ರೌಟರ್ ಒಳಗೇ ಆಗುತ್ತದೆ, ಯಾರನ್ನು ಮುಂದೆ ಬಿಡಬೇಕು ಎಂದು ನಿರ್ಧರಿಸುವವರು ನಾವಾಗುತ್ತೇವೆ. ಮರುದಿನ 11ಕ್ಕೆ ಸಾಮಾನ್ಯ ಸಾಲಿನ ಡ್ರಾಪ್ ಎಣಿಕೆ ಸರಸರನೆ ಏರತೊಡಗಿತು, ಮುಖಗಳು ಅಲುಗಾಡಲಿಲ್ಲ. ಆ ಎಣಿಕೆ ಏರುವುದನ್ನು ಕಂಡು ಯಾರೂ ಗಾಬರಿಯಾಗಬೇಕಿಲ್ಲ. ಟಿಸಿಪಿ ತನ್ನ ವೇಗವನ್ನು ತಗ್ಗಿಸಿಕೊಳ್ಳುವುದೇ ಹಾಗೆ.

ಶೇಪರ್ ಇಟ್ಟ ಮೇಲೆ ಸಾಮಾನ್ಯ ಸಾಲು ತೀರಾ ಉದ್ದವಾಗದಂತೆಯೂ ನೋಡಿ. ಸುಮ್ಮನಿರುವ ಲೈನ್‌ನಲ್ಲಿ 20 ಮಿಲಿಸೆಕೆಂಡ್ ಇದ್ದ ಪಿಂಗ್ ದೊಡ್ಡ ಕಡತ ಹೊರಟ ಕೂಡಲೇ 300, 400 ಆದರೆ ಸಾಲಿನಲ್ಲಿ ಬೇಕಿಲ್ಲದಷ್ಟು ಜಾಗ ಇದೆ ಎಂದರ್ಥ. ಆದ್ಯತೆಯ ಗುರುತಿಲ್ಲದ ಬ್ರೌಸರ್ ಕಾಲ್‌ಗಳು ಅಲ್ಲೇ ಸಿಕ್ಕಿಕೊಳ್ಳುತ್ತವೆ. ರೌಟರ್‌ನಲ್ಲಿ ಸಾಲನ್ನು ತಾನೇ ಚಿಕ್ಕದಾಗಿಡುವ ಎಫ್‌ಕ್ಯೂ-ಕೋಡೆಲ್ ಅಥವಾ ಕೇಕ್ ಇದ್ದರೆ ಹಾಕಿ, ಇಲ್ಲದಿದ್ದರೆ ಸಾಲಿನ ಉದ್ದವನ್ನು ಕೈಯಾರೆ ತಗ್ಗಿಸಿ.

ಮೂರನೇ ಕಾಲ್

ಇದು ಎಲ್ಲರನ್ನೂ ಗೊಂದಲಕ್ಕೆ ಕೆಡಹುವ ದೋಷ. ಎರಡು ಕಾಲ್ ನಡೆಯುವಾಗ ಎಲ್ಲ ಸುಸೂತ್ರ. ಇನ್ನೊಂದು ಕೋಣೆಯಿಂದ ಯಾರೋ ಮೂರನೆಯದು ಹಚ್ಚುತ್ತಾರೆ. ಆ ಕ್ಷಣದಿಂದ ಮೂರೂ ಕೆಡುತ್ತವೆ, ಮೂರನೆಯದೊಂದೇ ಅಲ್ಲ.

ವಿಡಿಯೊದ ಆದ್ಯತಾ ಸಾಲಿಗೆ 2.5 ಎಂಬಿಪಿಎಸ್ ಕೊಟ್ಟಿದ್ದೀರಿ ಎನ್ನೋಣ. ಎರಡು ಕಾಲ್‌ಗೆ 2.46 ಬೇಕು, ಸರಿಯಾಗಿ ಹಿಡಿಸುತ್ತದೆ. ಮೂರಕ್ಕೆ 3.69. ಆದ್ಯತಾ ಸಾಲು ಉಳಿದವರನ್ನು ಹಸಿವಿನಿಂದ ಸಾಯಿಸಬಾರದೆಂದು, ದಟ್ಟಣೆಯ ಹೊತ್ತಿನಲ್ಲಿ ರೌಟರ್ ಅದರ ಮಿತಿ ಮೀರಿದ್ದನ್ನು ಕತ್ತರಿಸುತ್ತದೆ. ಅದು ನೋಡುವುದು 34 ಎಂಬ ಗುರುತನ್ನಷ್ಟೇ. ಯಾವ ಪ್ಯಾಕೆಟ್ ಮೊದಲು ಬಂದ ಕಾಲ್‌ನದು, ಯಾವುದು ಆಮೇಲೆ ಬಂದದ್ದು ಎಂಬುದು ಅದಕ್ಕೆ ತಿಳಿಯದು. ಬಂದದ್ದರಲ್ಲಿ ಸುಮಾರು ಮೂರನೇ ಒಂದು ಪಾಲು ಬೀಳುತ್ತದೆ, ಮೂವರಿಗೂ ಹಂಚಿಕೊಂಡು. ಇಲ್ಲಿ ಆದ್ಯತೆಯನ್ನು ಎಷ್ಟು ತಿದ್ದಿದರೂ ಉಪಯೋಗವಿಲ್ಲ. ಬೇಕಾದದ್ದು ಬಾಗಿಲಲ್ಲಿ ನಿಂತು ಎಣಿಸುವವನು, ಕಾಲ್ ಅಡ್ಮಿಷನ್ ಕಂಟ್ರೋಲ್. ಕಾಲ್ ಸರ್ವರ್ ಅಥವಾ ಗೇಟ್‌ಕೀಪರ್‌ನಲ್ಲಿ ಪ್ರತಿ ಶಾಖೆಗೂ ಇಷ್ಟು ಎಂಬ ಮಿತಿ ಇಡಿ. ಅದು ಮೂರನೆಯ ಕಾಲ್ ಅನ್ನು ಕಡಿಮೆ ದರಕ್ಕೆ ಇಳಿಸಲಿ, ಧ್ವನಿಗಷ್ಟೇ ಬಿಡಲಿ, ಅಥವಾ ‘ಈಗ ಜಾಗವಿಲ್ಲ’ ಎನ್ನಲಿ. ಒಬ್ಬರಿಗೆ ಇಲ್ಲ ಎನ್ನುವುದು ಕಟುವಾಗಿ ಕಾಣಬಹುದು, ಆದರೆ ನಡುಮಾತಿನಲ್ಲಿರುವ ಇಬ್ಬರನ್ನೂ ಸೇರಿಸಿ ಮೂವರನ್ನು ಕೆಡಿಸುವುದಕ್ಕಿಂತ ಅದು ನ್ಯಾಯ. ಧ್ವನಿ ಮತ್ತು ವಿಡಿಯೊದ ಆದ್ಯತಾ ಸಾಲುಗಳು ಸೇರಿ ಲೈನ್‌ನ ಮೂರನೇ ಒಂದು ಪಾಲು ಮೀರದಿರಲಿ ಎಂಬ ವಾಡಿಕೆಯನ್ನು ನಾನಂತೂ ಪಾಲಿಸುತ್ತೇನೆ.

ಮಿತಿ ಇಟ್ಟ ಮೇಲೂ ಈ ಲಕ್ಷಣ ಕಂಡರೆ ಎಣಿಕೆಗೆ ಸಿಗದ ಕಾಲ್ ಎಲ್ಲೋ ಇದೆ. ಸರ್ವರ್ ದಾಟಿಸಿ ನೇರ ಐಪಿ ವಿಳಾಸಕ್ಕೆ ಹಚ್ಚಿದ ಕಾಲ್, ಅಥವಾ ಬೇರೆ ಆ್ಯಪ್‌ನ ಕಾಲ್ ಅದೇ 34 ಗುರುತಿನೊಂದಿಗೆ ಬಂದಿರುತ್ತದೆ. ಇನ್ನೊಂದು ಸಂದರ್ಭವನ್ನು ಮರೆಯಬೇಡಿ: ಮುಖ್ಯ ಲೈನ್ ಬಿದ್ದು 4 ಎಂಬಿಪಿಎಸ್‌ನ ಬ್ಯಾಕಪ್ ಮೇಲೆ ಓಡುತ್ತಿರುವಾಗಲೂ ಸರ್ವರ್ ಹಳೆಯ ಲೈನ್‌ನ ಮಿತಿಯನ್ನೇ ಎಣಿಸುತ್ತಿರುತ್ತದೆ.

ಕಂಪ್ಯೂಟರ್‌ನ ಆ್ಯಪ್‌ಗಳು ಲಾಸ್ ಕಂಡ ಕೂಡಲೇ ತಾವೇ ದರ ಇಳಿಸಿಕೊಳ್ಳುತ್ತವೆ. ಅಲ್ಲಿ ಚಿತ್ರ ಒಡೆಯುವುದಿಲ್ಲ, ಮಸುಕಾಗುತ್ತದೆ. ಕಾರಣ ಅದೇ, ವೇಷ ಬೇರೆ.

ವಿಪಿಎನ್ ಇದ್ದರೆ

ಲೈನ್ ಖಾಲಿ ಇದೆ, ಧ್ವನಿ ಚೊಕ್ಕಟ, ವೆಬ್ ಪುಟ, ಕಡತ ಎಲ್ಲಾ ಓಡುತ್ತವೆ. ವಿಡಿಯೊ ಮಾತ್ರ ಬರುವುದಿಲ್ಲ. ಹೀಗಿದ್ದರೆ ಪ್ಯಾಕೆಟ್‌ನ ಗಾತ್ರ ನೋಡಿ. ಈಥರ್‌ನೆಟ್‌ನ 1500 ಬೈಟ್‌ನಲ್ಲಿ ಐಪಿಸೆಕ್ 50ರಿಂದ 80 ಬೈಟ್ ತಿನ್ನುತ್ತದೆ. ಯುನಿಟ್ ಕಳಿಸಿದ 1450 ಬೈಟ್ ಪ್ಯಾಕೆಟ್ ಸುರಂಗದೊಳಗೆ ಹಿಡಿಸದೆ ಎರಡು ತುಂಡಾಗುತ್ತದೆ. ಎರಡನೇ ತುಂಡಿನಲ್ಲಿ ಪೋರ್ಟ್ ಸಂಖ್ಯೆ ಇರುವುದಿಲ್ಲ. ಕೆಲವು ಫೈರ್‌ವಾಲ್‌ಗಳು ಅದನ್ನು ಬಿಸಾಡುತ್ತವೆ, ಪೋರ್ಟ್ ನೋಡಿ ವಿಂಗಡಿಸುವ ರೌಟರ್‌ಗಳು ಅದನ್ನು ಸಾಮಾನ್ಯ ಸಾಲಿಗೆ ತಳ್ಳುತ್ತವೆ. ಒಂದು ತುಂಡು ಹೋದರೆ ಇಡೀ ಪ್ಯಾಕೆಟ್ ಹೋದಂತೆ. ರೌಟರ್‌ನಲ್ಲಿ ಎಂಎಸ್‌ಎಸ್ (ಟಿಸಿಪಿ ಒಂದು ಪ್ಯಾಕೆಟ್‌ನಲ್ಲಿ ತುಂಬುವ ಗರಿಷ್ಠ ಮಾಹಿತಿ) ಕಡಿಮೆ ಮಾಡಿದ್ದರೆ ಟಿಸಿಪಿಗೆ ಈ ತೊಂದರೆ ತಟ್ಟುವುದಿಲ್ಲ, ವಿಡಿಯೊ ಯುಡಿಪಿ ಆದ್ದರಿಂದ ಅದಕ್ಕೆ ಆ ರಕ್ಷಣೆ ಇಲ್ಲ.

ಖಚಿತ ಮಾಡಿಕೊಳ್ಳಲು ತುಂಡರಿಸಬೇಡ ಎಂಬ ಆಯ್ಕೆಯೊಂದಿಗೆ 1472 ಬೈಟ್‌ನ ಪಿಂಗ್ ಕಳಿಸಿ. 28 ಬೈಟ್ ಹೆಡರ್ ಸೇರಿ ಅದು 1500 ಆಗುತ್ತದೆ. ಹೋಗುವವರೆಗೆ ಗಾತ್ರ ಇಳಿಸುತ್ತಾ ಬನ್ನಿ. ಹಾದು ಹೋದ ಗಾತ್ರಕ್ಕಿಂತ ತುಸು ಕಡಿಮೆಗೆ ಯುನಿಟ್‌ನ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) ಇಡಿ. 1300 ಇಟ್ಟರೆ ಬಹುತೇಕ ಕಡೆ ನೆಮ್ಮದಿ.

ವಿಪಿಎನ್‌ನ ಇನ್ನೊಂದು ತೊಡಕು ಗುರುತಿನದು. ಗೂಢಲಿಪಿಯಾದ ಮೇಲೆ ರೌಟರ್‌ಗೆ ಒಳಗಿನ ಪೋರ್ಟ್ ಕಾಣದು, ಹೊರ ಹೆಡರ್‌ಗೆ ನಕಲಾದ ಡಿಎಸ್‌ಸಿಪಿ ಮಾತ್ರ ಕಾಣುತ್ತದೆ. ಆದ್ದರಿಂದ ಗುರುತು ಹಚ್ಚುವ ಕೆಲಸ ಸ್ವಿಚ್‌ನಲ್ಲೋ ರೌಟರ್‌ನ ಒಳಪೋರ್ಟ್‌ನಲ್ಲೋ ಮುಗಿದಿರಬೇಕು. ಆ ಗುರುತು ಆಚೆ ತುದಿ ತಲುಪುತ್ತದೆಯೇ ಎಂಬುದನ್ನೂ ವೈರ್‌ಶಾರ್ಕ್‌ನಲ್ಲಿ ನೋಡಿ. ದಾರಿಯಲ್ಲಿ 0 ಆಗಿ ತಿರುಗುವುದು ಅಪರೂಪವಲ್ಲ.

ಕಾಲ್ ಚೆನ್ನಾಗಿ ಓಡತೊಡಗಿದ ಮೇಲೆ ಕಡತ ನಕಲು ಸತ್ತಂತೆ ನಿಧಾನವಾದರೆ ಐಪಿಸೆಕ್‌ನ ರಿಪ್ಲೇ ದೋಷಗಳ ಎಣಿಕೆ ನೋಡಿ. ಐಪಿಸೆಕ್ ಕ್ರಮಸಂಖ್ಯೆ ಹಚ್ಚಿದ ಮೇಲೆ ಆದ್ಯತಾ ಸಾಲು ಪ್ಯಾಕೆಟ್‌ಗಳನ್ನು ಹಿಂದೆ ಮುಂದೆ ಮಾಡುತ್ತದೆ. 64 ಪ್ಯಾಕೆಟ್‌ಗಿಂತ ಹಿಂದೆ ಉಳಿದದ್ದನ್ನು ಆಚೆ ತುದಿ ಹಳೆಯದೆಂದು ತಿರಸ್ಕರಿಸುತ್ತದೆ. ಆ ಕಿಟಕಿಯನ್ನು 1024ಕ್ಕೆ ಹಿಗ್ಗಿಸಿದರೆ ಸರಿಹೋಗುತ್ತದೆ.

ಉಳಿದ ಎರಡು

ಪಿಂಗ್ ಚೆನ್ನಾಗಿದ್ದು, ಭಾರ ಬಿದ್ದ ಕೂಡಲೇ ಲಾಸ್ ಬಂದರೆ ರೌಟರ್ ಮತ್ತು ಸೇವಾದಾರರ ಪೆಟ್ಟಿಗೆಯ ನಡುವಿನ ಡ್ಯುಪ್ಲೆಕ್ಸ್ (ಕಳಿಸುವುದು, ಪಡೆಯುವುದು ಒಟ್ಟಿಗೋ ಸರದಿಯಲ್ಲೋ ಎಂಬ ಸೆಟ್ಟಿಂಗ್) ನೋಡಿ. ಒಂದು ತುದಿ ಆಟೊ, ಇನ್ನೊಂದು ತುದಿ ಕೈಯಾರೆ 100 ಫುಲ್ ಇದ್ದರೆ ಆಟೊ ಇದ್ದದ್ದು ಹಾಫ್‌ಗೆ ಇಳಿಯುತ್ತದೆ. ಒಂದು ಕಡೆ ಸಿಆರ್‌ಸಿ ದೋಷ (ಕೆಟ್ಟು ಬಂದ ಪ್ಯಾಕೆಟ್), ಇನ್ನೊಂದು ಕಡೆ ಲೇಟ್ ಕೊಲಿಷನ್ (ತಡವಾದ ಡಿಕ್ಕಿ) ಏರುತ್ತಿದ್ದರೆ ಬೇರೆ ಸಾಕ್ಷಿ ಬೇಡ. ಎರಡೂ ತುದಿ ಒಂದೇ ರೀತಿ ಇರಲಿ.

ವೈಫೈಯಲ್ಲಿ ಕೂತವರದು ಮಾತ್ರ ಕೆಡುತ್ತಿದ್ದರೆ ಅವರನ್ನು ಕೇಬಲ್‌ಗೆ ಹಾಕಿ ನೋಡಿ. ಸರಿಹೋದರೆ ಅದು ಕಚೇರಿಗಳ ನಡುವಿನ ಲೈನ್‌ನ ದೋಷವಲ್ಲ.

ಸರಿಹೋಯಿತೆಂದು ಹೇಳುವ ಮೊದಲು

ದೂರು ಬರಲಿಲ್ಲ ಎಂಬುದು ಸಾಕ್ಷಿಯಲ್ಲ, ಅಂದು ಲೈನ್ ಖಾಲಿ ಇದ್ದಿರಬಹುದು. ಕಚೇರಿ ಮುಗಿದ ಮೇಲೆ ಮಿತಿಯಷ್ಟೂ ಕಾಲ್ ಹಚ್ಚಿ, ಅದರ ಮೇಲೆ ದೊಡ್ಡ ಕಡತವೊಂದನ್ನು ಎರಡೂ ದಿಕ್ಕಿಗೆ ಓಡಿಸಿ, ಹದಿನೈದು ನಿಮಿಷ ಬಿಡಿ. ಸಾಮಾನ್ಯ ಸಾಲಿನಲ್ಲಿ ಡ್ರಾಪ್ ಏರುತ್ತಿರಬೇಕು, ಧ್ವನಿ ಮತ್ತು ವಿಡಿಯೊ ಸಾಲುಗಳಲ್ಲಿ ಸೊನ್ನೆ ಇರಬೇಕು, ಆಚೆ ತುದಿಯ ಆರ್‌ಟಿಪಿ ಕ್ರಮಸಂಖ್ಯೆಗಳು ಒಂದೂ ತಪ್ಪದೆ ಬರಬೇಕು. ಕೊನೆಗೆ ಮಿತಿಗಿಂತ ಒಂದು ಕಾಲ್ ಹೆಚ್ಚಿಗೆ ಹಚ್ಚಿ, ನೀವು ಇಟ್ಟಂತೆ ಅದರ ದರ ಇಳಿಯುತ್ತದೆಯೇ, ಧ್ವನಿಯಷ್ಟೇ ಆಗುತ್ತದೆಯೇ ಅಥವಾ ನಿರಾಕರಣೆಯಾಗುತ್ತದೆಯೇ ನೋಡಿ. ಮುಖ್ಯ ಲೈನ್ ಕಿತ್ತು ಬ್ಯಾಕಪ್ ಮೇಲೂ ಇದನ್ನೇ ಮಾಡಿ.

ಆ ಎಣಿಕೆಗಳನ್ನು ದಿನಾಂಕ ಹಾಕಿ ರೌಟರ್ ಕಾನ್ಫಿಗರೇಶನ್ ಜೊತೆಯಲ್ಲೇ ಇಡಿ, ಶೇಪರ್‌ನ ದರ ಯಾವ ಲೈನ್‌ಗೆ ಇಟ್ಟದ್ದು ಎಂದೂ ಬರೆಯಿರಿ. ಮುಂದೆ ಯಾರಾದರೂ ಲೈನ್ ಅನ್ನು 50ಕ್ಕೆ ಏರಿಸಿ ‘ಆದರೂ 19 ದಾಟುತ್ತಿಲ್ಲ’ ಎಂದು ಕೇಳಿದಾಗ ಉತ್ತರ ಆ ಹಾಳೆಯಲ್ಲೇ ಇರುತ್ತದೆ.